ಫೋಟೋದ ಮೂಲೆಯಲ್ಲಿ ಇಸ್ತ್ರಿ ಮಾಡುತ್ತಿದ್ದವನು

ಬೀದಿಯ ಜನ ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಗೇಲಿಗೆ ಇಟ್ಟ ಹೆಸರು. ಅವಳು ಅದನ್ನೇ ಬಿರುದು ಅಂತ ಉಳಿಸಿಕೊಂಡಳು. ವಾರಪತ್ರಿಕೆಗೆ ಕತೆ ಕಳಿಸುವಾಗಲೂ ಅದೇ ಹೆಸರನ್ನು ಹಾಕುತ್ತಿದ್ದಳು. ಅವಳ ಜಾಯಮಾನವೇ ಹಾಗೆ. ಯಾರಾದರೂ ಬೇಡ ಎಂದರೆ ಸಾಕು, ಅದನ್ನು ಮಾಡಿಯೇ ತೀರಬೇಕು.

ಅಪ್ಪ ಬಿಟ್ಟುಹೋದ ಫೋಟೋ ಸ್ಟುಡಿಯೋದಲ್ಲಿ ಗಲ್ಲಾದ ಮೇಲೆ ಅಣ್ಣ, ಕ್ಯಾಮೆರಾದ ಹಿಂದೆ ಇವಳು. ದಿನವಿಡೀ ಪಾಸ್‌ಪೋರ್ಟ್ ಫೋಟೋ ತೆಗೆಯುವ ಕೆಲಸ. ಗಿರಾಕಿಯನ್ನು ಬಿಳಿ ಪರದೆಯ ಮುಂದೆ ಸ್ಟೂಲಿನ ಮೇಲೆ ಕೂರಿಸಿ, ‘ನೇರ ನೋಡಿ, ಕಿವಿ ಕಾಣ್ಬೇಕು, ನಗಬೇಡಿ’ ಅನ್ನುವುದು. ವರ್ಷಾನುಗಟ್ಟಲೆ ಜನರಿಗೆ ನಗಬೇಡಿ ಎಂದು ಹೇಳಿಕೊಂಡು ಬಂದವಳ ಹೊಟ್ಟೆಯಲ್ಲಿ ಎಷ್ಟು ಕಿಚ್ಚಿರಬೇಡ! ಸಾವಿರಾರು ಮುಖಗಳನ್ನು ನೋಡಿದ್ದಳು, ಒಂದರ ಹಿಂದೆಯೂ ಮನೆ ಇರಲಿಲ್ಲ, ಬೀದಿ ಇರಲಿಲ್ಲ. ಬರೀ ಬಿಳಿ ಬಟ್ಟೆ.

ಅದಕ್ಕೇ ಭಾನುವಾರ ಬಂದರೆ ಸ್ಟುಡಿಯೋದ ಕ್ಯಾಮೆರಾವನ್ನೇ ಕೊರಳಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದಳು. ಸರ್ಕಲ್ಲು, ಬಸ್ ಸ್ಟಾಪು, ದೊಡ್ಡ ಕಟ್ಟಡಗಳ ಹಿಂಬದಿ, ಹೀಗೆ ಕಂಡಿದ್ದೆಲ್ಲ ತೆಗೆಯುವಳು. ಮನೆಗೆ ಬಂದು ದೊಡ್ಡದಾಗಿ ಪ್ರಿಂಟ್ ಹಾಕಿ, ಅಪ್ಪ ಫೋಟೋ ತಿದ್ದಲು ಬಳಸುತ್ತಿದ್ದ ಭೂತಗನ್ನಡಿ ಹಿಡಿದು ಮೂಲೆಗಳನ್ನು ಮಾತ್ರ ನೋಡುವಳು.

‘ನಡುವೆ ಇರೋದು ನಾನು ಬೇಕು ಅಂತ ತೆಗೆದಿದ್ದು ಅತ್ತಿಗೆ. ಮೂಲೇಲಿರೋದು ತಾನಾಗೇ ಬಂದಿದ್ದು. ಕತೆ ಇರೋದು ಅಲ್ಲೇ’ ಎನ್ನುತ್ತಿದ್ದಳು.

‘ಕತೆ ಇರ್ಲಿ, ಪಾತ್ರೆ ಸಿಂಕಲ್ಲಿದೆ’ ಎನ್ನುತ್ತಿದ್ದಳು ಅತ್ತಿಗೆ.

ಬಸ್ಸೊಂದರ ಫೋಟೋದ ಅಂಚಿನಲ್ಲಿ, ಕಿಟಕಿಯ ಗಾಜಿನ ಹಿಂದೆ, ತೊಡೆಯ ಮೇಲೆ ಹೂಗುಚ್ಛ ಇಟ್ಟುಕೊಂಡು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದವನೊಬ್ಬ ಅವಳಿಗೆ ಹೀಗೇ ಸಿಕ್ಕಿದ್ದ. ಅವನು ಇಳಿಯಬೇಕಾದ ಸ್ಟಾಪು ದಾಟಿಹೋಯಿತು, ಅಲ್ಲಿ ಕಾಯುತ್ತಿದ್ದವಳು ಬೇರೆ ಯಾರನ್ನೋ ಮಾತಾಡಿಸಿದಳು ಎಂದು ಬರೆದಿದ್ದಳು. ಪತ್ರಿಕೆಯಲ್ಲಿ ಅಚ್ಚಾದ ಮೊದಲ ಕತೆ ಅದು.

ಆಮೇಲೆ ಬಂತು ನೋಡಿ, ಎಲ್ಲ ರಾದ್ಧಾಂತಕ್ಕೂ ಕಾರಣವಾದ ಫೋಟೋ. ತೆಗೆದದ್ದು ಸಿಗ್ನಲ್ಲಿನಲ್ಲಿ ನಿಂತ ವಾಹನಗಳನ್ನು. ಮೇಲಿನ ಮೂಲೆಯಲ್ಲಿ ನಾಲ್ಕನೇ ಮಹಡಿಯ ಬಾಲ್ಕನಿ ಬಿದ್ದಿತ್ತು. ಅಲ್ಲಿ ನೀಲಿ ಡ್ರಮ್ಮು, ಮುರಿದ ಕಾಲಿನ ಜಾಗಕ್ಕೆ ಇಟ್ಟಿಗೆ ಕೊಟ್ಟ ಕುರ್ಚಿ, ಮತ್ತು ಗಿರಿಜಾ ಮೀಸೆಯ ಒಬ್ಬ ಗಂಡಸು. ಅವನು ಬಗ್ಗಿ ಇಸ್ತ್ರಿ ಮಾಡುತ್ತಿದ್ದದ್ದು ಹೆಂಗಸರ ಕೆಂಪು ಲಂಗವನ್ನು. ಒಂದೊಂದೇ ನೆರಿಗೆಯನ್ನು ಬೆರಳಲ್ಲಿ ಹಿಡಿದು ತೀಡುತ್ತಿದ್ದ.

ಇಂಥ ಮೀಸೆಯವನು ಲಂಗ ಯಾಕೆ ಇಸ್ತ್ರಿ ಮಾಡುತ್ತಾನೆ? ತುಂಬ ಹೊತ್ತು ನೋಡಿದಳು. ಹೆಂಡತಿ ಸತ್ತಿದ್ದಾಳೆ ಎಂದು ತೀರ್ಮಾನಿಸಿದಳು. ಪ್ರತಿ ಭಾನುವಾರ ಅವಳ ಲಂಗವನ್ನು ಹೊರಗೆ ತೆಗೆದು, ಅದರ ಜೊತೆ ಮಾತಾಡುತ್ತ ಇಸ್ತ್ರಿ ಮಾಡಿ, ಮತ್ತೆ ಬೀರುವಿನಲ್ಲಿಡುವ ಗಂಡನ ಕತೆ ಬರೆದಳು. ಓದಿದವರು ಅತ್ತರಂತೆ. ಆದರೆ ನೀಲಿ ಡ್ರಮ್ಮನ್ನೂ ಇಟ್ಟಿಗೆ ಕೊಟ್ಟ ಕುರ್ಚಿಯನ್ನೂ ಇದ್ದ ಹಾಗೇ ಬರೆದುಬಿಟ್ಟಿದ್ದಳು. ಕಣ್ಣೆದುರಿಗಿರುವ ಇಟ್ಟಿಗೆಯನ್ನು ಬದಲಾಯಿಸಲು ಅವಳಿಗೆ ಮನಸ್ಸೇ ಬರುತ್ತಿರಲಿಲ್ಲ. ಆ ಸಿಗ್ನಲ್ಲಿನಲ್ಲಿ ದಿನಾ ನಿಲ್ಲುವ ಜನಕ್ಕೆ ಆ ಬಾಲ್ಕನಿ ಯಾವುದೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ಪತ್ರಿಕೆ ಬಂದ ಮುಂದಿನ ವಾರ ಮೀಸೆಯವನು, ಭೂತಗನ್ನಡಿ ಅಂದರೆ ಯಾರೆಂದು ಕೇಳಿಕೊಂಡು ಬಂದು, ಸ್ಟುಡಿಯೋಗೆ ನುಗ್ಗಿದ. ಲಾರಿ ಡ್ರೈವರ್. ಅವನ ಹಿಂದೆಯೇ ಹೋಟೆಲ್ ರಿಸೆಪ್ಶನ್ನಿನ ಯೂನಿಫಾರಂ ತೊಟ್ಟ ಹೆಂಗಸು. ಕೆಂಪು ಲಂಗ, ಒಂದು ನೆರಿಗೆಯೂ ಸೊಟ್ಟಗಿಲ್ಲ. ಭೂತಗನ್ನಡಿ ಕ್ಯಾಮೆರಾದ ಹಿಂದಿನಿಂದ ಇಣುಕಿದಳು. ತಾನು ಸಾಯಿಸಿದವಳು ಕೈಚೀಲ ಹಿಡಿದು ಎದುರಿಗೆ ನಿಂತಿದ್ದಳು.

‘ಲಾರಿ ಸ್ಟ್ಯಾಂಡಲ್ಲಿ ಎಲ್ರೂ ನನ್ನನ್ನ ಇಸ್ತ್ರಿ, ಇಸ್ತ್ರಿ ಅಂತಾರೆ’ ಎಂದ ಡ್ರೈವರ್. ‘ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ. ಈಗ ಬಾಗಿಲು ಹಾಕ್ಕೊಂಡು ಒಳಗೆ ಮಾಡ್ತಿದ್ದೀನಿ, ಬೆವರು ಸುರಿಸ್ಕೊಂಡು.’

‘ನಮ್ಮ ಹೋಟೆಲ್ಲಿಗೆ ಫೋನ್ ಬಂತು, ಪಾಪ ಅವಳು ಯಾವಾಗ ಹೋದಳು ಅಂತ’ ಎಂದಳು ಹೆಂಡತಿ. ‘ಫೋನ್ ಎತ್ತಿದ್ದೇ ನಾನು.’

ಅಣ್ಣ ಗಲ್ಲಾ ಬಿಟ್ಟು ಎದ್ದು ಬಂದ. ‘ಏನು ಮಾಡ್ಬೇಕು ಹೇಳಿ ಸಾರ್.’

‘ತಪ್ಪಾಯ್ತು ಅಂತ ಪತ್ರಿಕೇಲಿ ಹಾಕಿಸಿ. ಅದು ಲಂಗ ಅಲ್ಲ, ಪ್ಯಾಂಟು ಅಂತ.’

‘ಖಂಡಿತ ಹಾಕಿಸ್ತೀವಿ’ ಎಂದ ಅಣ್ಣ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಆಸಾಮಿ. ಸ್ಟ್ಯಾಂಡಿನಿಂದ ಕ್ಯಾಮೆರಾ ಬಿಚ್ಚಿ ಎದೆಗವಚಿಕೊಂಡು ತಂಗಿಯ ಕಡೆ ತಿರುಗಿದ. ‘ಈಗ್ಲೇ ಬರ್ಕೊಡು. ಇಲ್ಲಾಂದ್ರೆ ಇದು ಇನ್ಮೇಲೆ ಹೊಸ್ತಿಲು ದಾಟಲ್ಲ. ಕತೆ ಕಟ್ಟಿದ್ದೂ ಸಾಕು.’

ಅವಳಿಗೆ ಭಯವಾಯಿತು. ಭಾನುವಾರ ಹೋದರೆ ಉಳಿಯುವುದು ಆ ಬಿಳಿ ಪರದೆ ಮಾತ್ರ, ಸಾಯುವವರೆಗೆ. ಭಯದ ಬೆನ್ನಿಗೇ ಕೋಪ ನೆತ್ತಿಗೇರಿತು.

‘ಬರೆಯಲ್ಲ. ನಾನು ಕಂಡಿದ್ದು ಲಂಗ, ಲಂಗ ಅಂತ ಬರೆದೆ. ಯಾರ ಹೆಸರೂ ಹಾಕಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಇವರು ಹೆಗಲು ಮುಟ್ಟಿ ನೋಡ್ಕೊಂಡ್ರೆ ನಾನೇನು ಮಾಡ್ಲಿ? ಅಷ್ಟಕ್ಕೂ ಹೆಂಡತಿ ಲಂಗಕ್ಕೆ ಇಸ್ತ್ರಿ ಹಾಕೋದು ಕಳ್ಳತನಾನಾ? ತಪ್ಪೇ ಇಲ್ದಿರೋವಾಗ ತಪ್ಪಾಯ್ತು ಅಂತ ಯಾಕೆ ಬರೀಲಿ?’

ಡ್ರೈವರ್ ಬಾಯಿ ತೆರೆದ. ಹೆಂಡತಿ ಅವನ ತೋಳು ಹಿಡಿದು ಹಿಂದಕ್ಕೆ ಸರಿಸಿದಳು.

‘ಲಂಗದ ತಂಟೆ ನನಗಿಲ್ಲ. ಅದು ಸರಿಯಾಗೇ ಬರೆದಿದ್ದೀಯ. ನನ್ನನ್ನ ಯಾಕಮ್ಮ ಸಾಯಿಸಿದೆ?’

‘ನೀವು ಬದುಕಿದ್ರೆ ಯಾರೂ ನಂಬ್ತಿರ್ಲಿಲ್ಲ!’

ಪಟ್ಟನೆ ಹೇಳಿಬಿಟ್ಟಳು. ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಓದುವವರ ಮಾತು ಹಾಗಿರಲಿ, ನಂಬದೇ ಹೋದದ್ದು ತಾನೇ. ಅಪ್ಪ ಒಂದು ದಿನವೂ ಅಮ್ಮನ ಬಟ್ಟೆ ಮುಟ್ಟಿದ್ದು ಕಂಡಿರಲಿಲ್ಲ. ಅಣ್ಣನ ಕರ್ಚೀಫಿಗೂ ಅತ್ತಿಗೆಯೇ ಇಸ್ತ್ರಿ ಹಾಕಬೇಕು. ಬದುಕಿರುವ ಹೆಂಡತಿಗಾಗಿ ಗಂಡ ನೆರಿಗೆ ತೀಡುತ್ತಾನೆ ಎಂಬುದು, ಅಷ್ಟು ದೊಡ್ಡ ಗಾಜು ಹಿಡಿದು ಕೂತರೂ, ಅವಳಿಗೆ ಹೊಳೆದಿರಲಿಲ್ಲ. ಎಲ್ಲದಕ್ಕೂ ಊರಿಗೆ ಎದುರು ನಿಂತವಳು ಇಲ್ಲಿ ಊರು ಹೇಳುವುದನ್ನೇ ಬರೆದಿಟ್ಟಿದ್ದಳು. ಅವಳಿಗೆ ನಾಚಿಕೆಯಾಯಿತು.

‘ಸಾಯಿಸೋದು ಯಾರ ಕೈಲಾದ್ರೂ ಆಗುತ್ತೆ’ ಎಂದಳು ಹೆಂಡತಿ. ‘ಬದುಕಿಸಿ ನಂಬಿಸು, ನೋಡೋಣ.’

ಭೂತಗನ್ನಡಿ ಅಣ್ಣನ ಮುಂದೆ ಹೋಗಿ ಕೈ ಚಾಚಿದಳು. ‘ಕ್ಯಾಮೆರಾ ಕೊಡು.’

‘ತಪ್ಪೊಪ್ಪಿಗೆ?’

‘ಇಲ್ಲ. ಇನ್ನೊಂದು ಕತೆ. ಇದಕ್ಕಿಂತ ಜೋರಾಗಿರೋದು. ಕೊಡಲ್ಲ ಅಂದ್ರೆ ನೀನೇ ಇಟ್ಕೋ. ಇವತ್ತಿನಿಂದ ಫೋಟೋನೂ ನೀನೇ ತೆಗಿ.’

ಅಣ್ಣನಿಗೆ ಅದರ ಯಾವ ಗುಂಡಿ ಯಾವುದಕ್ಕೆ ಎಂಬುದೂ ಗೊತ್ತಿರಲಿಲ್ಲ. ಹೊರಗಿನ ಬೆಂಚಿನಲ್ಲಿ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ಅವರನ್ನೊಮ್ಮೆ, ತಂಗಿಯನ್ನೊಮ್ಮೆ ನೋಡಿ ಕ್ಯಾಮೆರಾವನ್ನು ಅವಳ ಕೈಗಿಟ್ಟ.

‘ನಾಳೆ ಮನೆಗೆ ಬರ್ತೀನಿ’ ಎಂದು ಅವಳು ಹೆಂಡತಿಗೆ ಹೇಳಿದಳು. ‘ಮೂಲೆಯಿಂದ ನೋಡಿದ್ದು ಸಾಲದು.’

ಡ್ರೈವರ್ ಮೀಸೆಯ ಮೇಲೆ ಕೈಯಾಡಿಸಿಕೊಂಡ. ದನಿ ಈಗ ಇಳಿದಿತ್ತು. ‘ಈ ಕತೇಲಾದ್ರೂ, ಮೇಡಂ, ಪ್ಯಾಂಟು ಅಂತ...’

‘ಲಂಗ’ ಎಂದರು ಇಬ್ಬರು ಹೆಂಗಸರೂ ಒಟ್ಟಿಗೆ.