ಹುಣಸೆಹಣ್ಣಿನ ಪಾಲಾದ ಸ್ಪೀಕರ್ ಪೆಟ್ಟಿಗೆ

ಸಾಮಾನು ಕೊಳ್ಳೋದು ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಅದನ್ನ ಇಟ್ಟುಕೊಳ್ಳೋದು ಬಲ್ಲವರನ್ನ ಮಾತ್ರ ಹುಡುಕಬೇಕು.

ಐವತ್ತರ ದಶಕ. ಗುಂಡ್ಲುಪೇಟೆಯಲ್ಲಿ ಹಳೇ ಸಾಮಾನಿನ ವ್ಯಾಪಾರಕ್ಕೆ ಆಗತಾನೆ ಕೈ ಹಾಕಿದ್ದೆ. ಊಟಿಯ ತೋಟ ಮಾರಿ ಸೀಮೆಗೆ ಹೊರಟಿದ್ದ ಇಂಗ್ಲಿಷ್ ದೊರೆಯೊಬ್ಬನ ರೇಡಿಯೋವನ್ನು ಅರ್ಧ ದಿನ ಚೌಕಾಸಿ ಮಾಡಿ ತಂದು, ಚಾಮರಾಜನಗರದ ಒಬ್ಬ ಜಮೀನ್ದಾರರಿಗೆ ಮಾರಿದೆ. ಅದು ನನ್ನ ಮೊದಲ ದೊಡ್ಡ ವ್ಯಾಪಾರ. ರೇಡಿಯೋದ ತಟ್ಟೆಯಗಲದ ಸ್ಪೀಕರ್ ಬೇರೆಯಾಗಿ, ತೇಗದ ಪೆಟ್ಟಿಗೆಯೊಳಗೆ ಕೂತಿತ್ತು.

ತಿಂಗಳೊಳಗೆ ಕರೆ ಬಂತು. ಹೋದರೆ ಜಮೀನ್ದಾರರು ಪಡಸಾಲೆಯಲ್ಲಿ ನಿಂತು ಗುಡುಗಿದರು.

"ಲೋ, ಮೃದಂಗ ಎಲ್ಲೋಯ್ತು ಕಣ್ಲಾ? ಪಿಟೀಲು ಸೊಳ್ಳೆ ಥರ ಕುಯ್ಗುಟ್ತದೆ. ಸೋಮ್ವಾರದೊಳ್ಗೆ ಗುಂ ಅನ್ನದಿದ್ರೆ ಎತ್ಕಂಡ್ ಓಗು!"

ಮೊದಲ ವ್ಯಾಪಾರವೇ ವಾಪಸಾದರೆ ಆ ಊರಲ್ಲಿ ನನ್ನ ಹತ್ತಿರ ಸೂಜಿ ಕೊಳ್ಳುವವನೂ ಸಿಗುತ್ತಿರಲಿಲ್ಲ.

ತಲೆಯೆತ್ತಿ ನೋಡಿದೆ. ಸ್ಪೀಕರನ್ನು ಪೆಟ್ಟಿಗೆಯಿಂದ ಕಿತ್ತು, ಹಿರಿಯರ ಫೋಟೋಗಳ ಸಾಲಿನಲ್ಲಿ ಕಂಬಕ್ಕೆ ನೇತುಹಾಕಿ ಸೇವಂತಿಗೆ ಹಾರ ಹಾಕಿದ್ದರು! ಬಂದವರಿಗೆಲ್ಲ ಕಾಣಬೇಕಂತೆ. ಸ್ಕೂಲು ಮೇಷ್ಟ್ರ ಸಲಹೆಯಂತೆ ಏರಿಯಲ್ ತಂತಿ ತೆಂಗಿನ ಮರದ ತುದಿಗೂ ಏರಿತ್ತು. ಗುಂ ಮಾತ್ರ ಇಳಿದು ಬಂದಿರಲಿಲ್ಲ.

"ಪೆಟ್ಟಿಗೆ ಎಲ್ಲಿ ಯಜಮಾನ್ರೇ?"

"ಅಡ್ಗೆ ಮನೇಲಿ."

ಮುಂದಿನ ತೂತಿಗೆ ಹಲಗೆ ಬಡಿಸಿ, ಮನೆಯಾಕೆ ಅದರೊಳಗೆ ವರ್ಷದ ಹುಣಸೆಹಣ್ಣು ಅದುಮಿ ತುಂಬಿದ್ದರು.

ನಾನೇನೂ ಓದಿದವನಲ್ಲ. ಆದರೆ ಊಟಿಯಲ್ಲಿ ಇದೇ ಸ್ಪೀಕರ್ ಪೆಟ್ಟಿಗೆಯೊಳಗಿದ್ದಾಗ ಎದೆಗೆ ಬಡಿಯುವ ಹಾಗೆ ಗುಂ ಎಂದದ್ದನ್ನು ಕೇಳಿಯೇ ಕೊಂಡಿದ್ದೆ. ಬೋಳು ಸ್ಪೀಕರ್‌ನ ಮುಂದಿನ ಗಾಳಿ ಹಿಂದಕ್ಕೆ ನುಸುಳಿ ದಪ್ಪ ನಾದವನ್ನು ಅಲ್ಲೇ ನುಂಗಿಹಾಕುತ್ತದೆ. ಪೆಟ್ಟಿಗೆ ಹೋಯಿತು, ಗುಂ ಹೋಯಿತು. ಇದಕ್ಕೆ ಮೇಷ್ಟ್ರು ಬೇಕೆ?

ಪೆಟ್ಟಿಗೆ ಖಾಲಿ ಮಾಡಿಕೊಡಿ ಎಂದೆ. ಜಮೀನ್ದಾರರು ಒಪ್ಪಿದರು, ಮನೆಯಾಕೆ ಒಪ್ಪಲಿಲ್ಲ.

"ವರ್ಸದ ಉಣಸೆ ಕಣಪ್ಪ. ನಿನ್ ತಲೆ ಮೇಲೆ ಸುರೀಲಾ?"

"ತಲೆ ಬ್ಯಾಡ ತಾಯಿ, ಪಿಂಗಾಣಿ ಭರಣಿ ಕೊಡ್ತೀನಿ. ಮರ ಉಪ್ಪು ಹೀರಿ ಹಣ್ಣು ಕೆಡ್ತದೆ."

"ಎಷ್ಟು ಭರಣಿ?"

"ಒಂದು."

"ಮೂರು ಕೊಟ್ರೆ ಸುರೀತೀನಿ."

ಎರಡಕ್ಕೆ ಕುದುರಿತು. ಮಲಯಾಳದ ವ್ಯಾಪಾರಿಗಳಿಂದ ಕೊಂಡಿಟ್ಟಿದ್ದವನ್ನು ಭಾನುವಾರದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ಹಲಗೆ ಕಿತ್ತು, ಪೆಟ್ಟಿಗೆ ಒರೆಸಿ, ಸ್ಪೀಕರ್ ಕೂರಿಸಿ ಬಿಗಿದೆ. ರೇಡಿಯೋ ಹಾಕಿದ ಕೂಡಲೇ ವಾರ್ತೆ ಓದುವವನು ಬಾವಿಯೊಳಗಿಂದ ಕೂಗಿದಂತಾಯಿತು. ಒಳಗೆ ಹರಿದ ಕಂಬಳಿಯ ತುಂಡು ತುರುಕಿದೆ, ಸರಿಹೋಯಿತು. ಪಡಸಾಲೆಯ ನಡುವೆ ಮೆರೆಸೋದು ಬೇಡವೆಂದು ಮೂಲೆಗೆ ತಳ್ಳಿದೆ. ಎರಡು ಗೋಡೆ ಸೇರುವ ಕಡೆ ನಾದ ಇನ್ನೂ ಮೈದುಂಬುತ್ತದೆ. ನಿಮ್ಮ ಮನೆಯಲ್ಲೂ ಮಾಡಿ ನೋಡಿ, ಹೊಸದು ಕೊಳ್ಳುವ ಮುಂಚೆ.

ಸೋಮವಾರ ಸಂಜೆ ರೇಡಿಯೋದಲ್ಲಿ ಸಂಗೀತ ಕಛೇರಿ ಬಂತು. ಮೃದಂಗದ ಎಡಗಡೆ ಗುಂ ಎಂದಿತು, ಗೋಡೆಗೂಡಿನಲ್ಲಿದ್ದ ಲೋಟ ಅದುರಿತು.

ಜಮೀನ್ದಾರರು ಮೀಸೆ ತೀಡಿಕೊಂಡು, ಪಕ್ಕದಲ್ಲಿದ್ದ ಮೇಷ್ಟ್ರಿಗೆ ಹೇಳಿದರು: "ನೋಡಿ, ತಂತಿ ಎತ್ರಕ್ಕೆ ಕಟ್ಟಿದ್ದು ಈಗ ಕೆಲ್ಸ ಮಾಡ್ತು."

ಮೇಷ್ಟ್ರು ತಲೆಯಾಡಿಸಿದರು. ನಾನೂ ಆಡಿಸಿದೆ. ರೇಡಿಯೋ ಅಲ್ಲೇ ಉಳಿಯಿತಲ್ಲ! ಹೊರಡುವಾಗ ನೋಡಿದೆ: ಕಂಬದ ಹಾರ ತಂದು ಪೆಟ್ಟಿಗೆಗೆ ಹಾಕುತ್ತಿದ್ದರು. ಸ್ಪೀಕರಿನ ಬಾಯಿ ಮುಚ್ಚದ ಹಾಗೆ ಹಾರವನ್ನು ಎರಡು ಬೆರಳು ಪಕ್ಕಕ್ಕೆ ಸರಿಸಿ ಬಸ್ಸು ಹತ್ತಿದೆ.