ಮಂಗಳವಾರದ ಕತ್ತರಿ

ಬೆಳಗಿನ ಆರು ಗಂಟೆ. ತೀರ್ಥಹಳ್ಳಿಯಿಂದ ಸಾಗರಕ್ಕೆ ಹೋಗುವ ಬಸ್ಸು ಹೊಸನಗರದ ಬಸ್ ಸ್ಟ್ಯಾಂಡಿಗೆ ಬಂದು ನಿಲ್ಲುತ್ತದೆ. ಮುಂದಿನ ಸೀಟುಗಳೆಲ್ಲ ಖಾಲಿ. ಆದರೂ ಐವತ್ತೇಳರ ನಟರಾಜ್ ಹಿಂದಿನ ಬಾಗಿಲಿನಿಂದ ಹತ್ತಿ ಕೊನೆಯ ಸೀಟಿನ ಮೂಲೆ ಹಿಡಿಯುತ್ತಾರೆ. ತೊಡೆಯ ಮೇಲಿನ ಚೀಲದಲ್ಲಿ ಕತ್ತರಿ, ಬಾಚಣಿಗೆ, ಬಿಳಿ ನೂಲಿನ ಉಂಡೆ, ಚಪಾತಿ ಸುತ್ತುವ ಬೆಳ್ಳಿ ಕಾಗದ. ಮೂವತ್ತೆಂಟು ವರ್ಷ ಊರಿನ ತಲೆಗಳನ್ನೇ ನೋಡಿಕೊಂಡು ಬಂದ ಈ ಮನುಷ್ಯ, ಡ್ರೈವರನ ತಲೆಯನ್ನು ಮಾತ್ರ ನೋಡಲಾರದೆ ಕಿಟಕಿಯತ್ತ ಮುಖ ತಿರುಗಿಸುತ್ತಾರೆ.

ಮಂಗಳವಾರ ಹೊಸನಗರದ ಅವರ ಸಲೂನಿಗೆ ರಜೆ. ಆ ರಜೆಯಲ್ಲೇ ಅವರ ಇನ್ನೊಂದು ಕೆಲಸ. ಸಾಗರದಲ್ಲಿ ಚಟ ಬಿಡಿಸುವ ಖಾಸಗಿ ಕ್ಲಿನಿಕ್ ನಡೆಸುವ ಡಾ. ಶ್ಯಾಮಲಾ ಅವರಲ್ಲಿಗೆ ಗಾಂಜಾ ಬಿಟ್ಟಿದ್ದೇವೆ ಎನ್ನುವವರು ಬರುತ್ತಾರೆ. ಬಿಟ್ಟಿದ್ದು ನಿಜವೇ ಎಂದು ತಿಳಿಯಲು ಮೂತ್ರ ಪರೀಕ್ಷೆ ಸಾಲದು, ಅದು ಹೇಳುವುದು ಕೆಲವು ದಿನಗಳ ಕಥೆ. ಕೂದಲು ತಿಂಗಳುಗಳ ಕಥೆ ಹೇಳುತ್ತದೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವ ಕೂದಲಿನಲ್ಲಿ ಬುಡ ಇತ್ತೀಚಿನದು, ತುದಿ ಹಳೆಯದು. ನರ್ಸ್ ಕತ್ತರಿಸಿದಲ್ಲಿ ಬೋಳು ಕಾಣುತ್ತದೆಂದು ಜನ ನಾಚುತ್ತಿದ್ದರು. ನಟರಾಜ್ ಹಿಂದಲೆಯ ಒಳಗಿನಿಂದ ಪೆನ್ಸಿಲ್ ದಪ್ಪದ ಎಳೆ ತೆಗೆದರೆ ಕಟ್ಟಿಕೊಂಡ ಹೆಂಡತಿಗೂ ಗೊತ್ತಾಗುವುದಿಲ್ಲ. ಮೂರು ವರ್ಷದಲ್ಲಿ ಹೀಗೆ ಇನ್ನೂರ ಹನ್ನೆರಡು ತಲೆ.

"ಎಂತ ಹೇಳದು ಮಾರಾಯ್ರೆ, ನಂಗೆ ಈಗ್ಲೂ ತಲೆಬುಡ ಅರ್ಥ ಆಗಿಲ್ಲ. ಇಷ್ಟು ವರ್ಷ ಗುಡಿಸಿ ಮೂಲೆಗೆ ಹಾಕಿದ್ದು ಇದನ್ನೇ ಅಲ್ದಾ? ನನ್ನ ಹತ್ರ ಒಂದು ಮಾತೂ ಆಡದ ಕೂದ್ಲು, ಬೆಂಗ್ಳೂರಿನ ಲ್ಯಾಬಿಗೆ ಹೋಗಿ ಬಾಯಿ ಬಿಡ್ತದಂತೆ!" ಎನ್ನುತ್ತಾರೆ ನಟರಾಜ್.

ಮಂಗಳವಾರ ಕೂದಲು ತೆಗೆಸಬಾರದು ಎಂದು ಶಾಸ್ತ್ರ ಹೇಳುವವರಿದ್ದಾರೆ. ಪರೀಕ್ಷೆ ಎಂದ ಕೂಡಲೇ ದೇವರಿಗೆ ಮುಡಿ ಕೊಟ್ಟು, ನುಣ್ಣಗಿನ ತಲೆಯಲ್ಲಿ ಬಂದು ಕೈಮುಗಿಯುವವರೂ ಇದ್ದಾರೆ. "ನಮ್ಮ ಕಡೆ ಭಕ್ತಿ ಇಷ್ಟು ಜಾಸ್ತಿ ಆಗಿದ್ದು ಈಗ್ಲೇ" ಎಂದು ನಟರಾಜ್ ನಗುತ್ತಾರೆ. ದೇವರು ಮುಡಿ ತೆಗೆದುಕೊಂಡರೂ ಉಗುರು ಬಿಟ್ಟಿರುತ್ತಾನೆ, ಅಂಥವರದು ಅದನ್ನೇ ಕತ್ತರಿಸಿ ಕಳಿಸುತ್ತಾರೆ. ಕಿವಿಯ ಗುಗ್ಗೆಯಲ್ಲೂ ಗಾಂಜಾ ಹುಡುಕುವ ಸಂಶೋಧನೆ ನಡೆದಿದೆಯೆಂದು ಡಾಕ್ಟರ್ ಹೇಳಿದ ದಿನ ನಟರಾಜ್ ಸುಮ್ಮನೆ ತಮ್ಮ ಕಿವಿ ಮುಟ್ಟಿ ನೋಡಿಕೊಂಡರಂತೆ.

ಈ ಕೆಲಸಕ್ಕೆ ಒಂದೇ ಕಟ್ಟುಪಾಡು. ಮೊದಲು ಬುಡದ ಹತ್ತಿರ ನೂಲು ಕಟ್ಟಬೇಕು, ಕತ್ತರಿ ಆಮೇಲೆ, ಕೊನೆಗೆ ಬೆಳ್ಳಿ ಕಾಗದದಲ್ಲಿ ಸುತ್ತಿ ಲ್ಯಾಬಿಗೆ. ನೂಲು ಇರುವ ಕಡೆಯೇ ಬುಡವೆಂದು ಲ್ಯಾಬಿನವರು ತಿಳಿಯುತ್ತಾರೆ. ಕಳೆದ ಮೇ ತಿಂಗಳಲ್ಲಿ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತಿದ್ದವರು ರವೀಶ್, ಇದೇ ಆರು ಗಂಟೆಯ ಬಸ್ಸಿನ ಡ್ರೈವರ್, ನಟರಾಜರ ಸಲೂನಿಗೆ ಹದಿನೈದು ವರ್ಷದ ಗಿರಾಕಿ. ಶಿವರಾತ್ರಿಯಿಂದ ಗಾಂಜಾ ಮುಟ್ಟಿಲ್ಲ ಎಂದಿದ್ದರು. ವರದಿಯೂ ಹಾಗೆಯೇ ಬಂದರೆ ಮಾಲೀಕರು ಮತ್ತೆ ಬಸ್ಸು ಕೊಡುವವರಿದ್ದರು. ವರದಿ ಏನಾಗುವುದೋ ಎಂದು ಕೇಳುತ್ತಲೇ ಇದ್ದ ಅವರನ್ನು ಸಮಾಧಾನ ಮಾಡುತ್ತ ಮಾಡುತ್ತ, ಸಲೂನಿನ ರೂಢಿಯಲ್ಲಿ ನಟರಾಜರ ಕೈ ಕತ್ತರಿಯನ್ನೇ ಮೊದಲು ಆಡಿಸಿಬಿಟ್ಟಿತು. ನೂಲು ಕಟ್ಟಿದ್ದು ಆಮೇಲೆ.

ವರದಿ ಬಂತು. ನೂಲಿನ ಕಡೆ ಗಾಂಜಾ, ಇನ್ನೊಂದು ಕಡೆ ಏನೂ ಇಲ್ಲ. ಅಂದರೆ ಶಿವರಾತ್ರಿಗೆ ಮುಂಚೆ ಸೇದಿಲ್ಲ, ಈಗ ಸೇದುತ್ತಿದ್ದಾರೆ! ಮಾಲೀಕರು ಬಸ್ಸು ಕೊಡಲಿಲ್ಲ. ರವೀಶ್ ಸಲೂನಿನ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು. "ನಟರಾಜಣ್ಣ, ಹಂಗಾರೆ ನಾ ಬಿಟ್ಟಿದ್ದೇ ಸುಳ್ಳಾ?"

ನಟರಾಜ್ ಮಾರನೆಯ ದಿನ ಒಂದು ಪರೀಕ್ಷೆ ಮಾಡಿ ನೋಡಿದರು. ತಮ್ಮ ತಲೆಯದೇ ಒಂದು ಎಳೆ ಕತ್ತರಿಸಿ ಕನ್ನಡಿಯ ಕೆಳಗಿಟ್ಟರು. ಒಂದು ಗಿರಾಕಿಯ ಗಡ್ಡ ಮುಗಿಸಿ ಬಂದು ಕೈಗೆತ್ತಿಕೊಂಡರೆ ಬುಡ ಯಾವುದು, ತುದಿ ಯಾವುದು, ತಿಳಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತೇ? ಇಲ್ಲವೇ ರವೀಶನೇ ಸುಳ್ಳು ಹೇಳಿದನೇ? ಅಂಗಡಿಗೆ ಬೀಗ ಹಾಕಿ ಸಾಗರಕ್ಕೆ ಹೊರಟರು.

"ಡಾಕ್ಟ್ರಮ್ಮ, ನೂಲು ಯಾವ ಬದಿಗೆ ಕಟ್ಟಿದ್ನೋ ನಂಗೆ ಗೊತ್ತಿಲ್ಲ."

"ಸರಿಯಾಗೇ ಕಟ್ಟಿರಬಹುದಲ್ಲ?"

"ಇರ್ಬಹುದು. ಇಲ್ದೇನೂ ಇರ್ಬಹುದು."

"ಹೀಗಂದ್ರೆ ಇನ್ಮೇಲೆ ನಿಮ್ಮ ಕೈ ನಂಬೋದು ಹೇಗೆ ನಟರಾಜ್?"

"ಅದೂ ನಂಗೆ ಗೊತ್ತಾಗ್ತಿಲ್ಲ ಡಾಕ್ಟ್ರಮ್ಮ."

ಮತ್ತೊಮ್ಮೆ ರವೀಶರ ಕೂದಲು ತೆಗೆದರು. ಈ ಸಲ ನೂಲು ಮೊದಲು, ಪಕ್ಕದಲ್ಲಿ ನರ್ಸ್ ಸಾಕ್ಷಿ. ಬುಡದಲ್ಲಿ ಏನೂ ಇರಲಿಲ್ಲ, ಇದ್ದದ್ದೆಲ್ಲ ತುದಿಯಲ್ಲಿ, ಶಿವರಾತ್ರಿಗೆ ಮುಂಚಿನದು. ರವೀಶರಿಗೆ ಬಸ್ಸು ಸಿಕ್ಕಿತು. ನಟರಾಜರ ಕೆಲಸವೂ ಉಳಿಯಿತು. ಅವರ ಪ್ರತಿ ಕಟ್ಟಿಗೂ ಈಗ ನರ್ಸಿನ ಸಹಿ ಬೀಳುತ್ತದೆ.

ತಪ್ಪು ತಮ್ಮದೆಂದು ರವೀಶರಿಗೆ ಹೇಳಿದವರೂ ನಟರಾಜರೇ. ಅಂದಿನಿಂದ ರವೀಶ್ ತೀರ್ಥಹಳ್ಳಿಯಲ್ಲೇ ಕಟಿಂಗ್ ಮಾಡಿಸುತ್ತಾರೆ. ಹೊಸನಗರದಲ್ಲಿ ಬಸ್ಸು ನಿಲ್ಲಿಸುತ್ತಾರೆ, ಹಿಂದೆ ತಿರುಗಿ ನೋಡುವುದಿಲ್ಲ. "ಸಿಟ್ಟೋ ನಾಚಿಕೆಯೋ, ಯಾರಿಗೆ ಗೊತ್ತು" ಎನ್ನುತ್ತಾರೆ ನಟರಾಜ್. "ನಾನು ಅವನ್ನ ಮುಳುಗಿಸಿದ್ನೋ ಉಳಿಸಿದ್ನೋ, ಅದೇ ನಂಗೆ ಸರಿ ಗೊತ್ತಿಲ್ಲ."

ಬಸ್ಸು ಸಾಗರ ಮುಟ್ಟುತ್ತದೆ. ಚೀಲ ಹೆಗಲಿಗೇರಿಸಿ ಹಿಂದಿನ ಬಾಗಿಲಿನಿಂದ ಇಳಿದ ನಟರಾಜರಿಗೆ ಆಸೆ ಏನಾದರೂ ಇದೆಯೇ ಎಂದರೆ, ಇದೆ.

"ಒಂದು ದಿನ ರವೀಶ ಬಂದು ಸುಮ್ನೆ ಕಟಿಂಗಿಗೆ ಕೂತ್ಕಳ್ಳಿ. ಕೂದ್ಲು ನೆಲಕ್ಕೆ ಬೀಳ್ಲಿ. ಬುಡ ಯಾವುದು, ತುದಿ ಯಾವುದು ಅಂತ ನೋಡ್ದೆ ಗುಡಿಸಿ ಹಾಕ್ತೀನಿ."