ಮುಳುಗಿದ ದೋಣಿಯ ಹೆಸರು

ನನ್ನ ಹೆಂಡತಿ ಏನು ಕೆಲಸ ಮಾಡುತ್ತಿದ್ದಳೆಂದು ಅವಳು ತೀರಿಕೊಂಡ ಮೇಲೂ ಕೇಳುವವರಿದ್ದಾರೆ. ‘ಮೀನುಗಾರರ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು’ ಎಂದು ಹೇಳಿ ಸುಮ್ಮನಾಗುತ್ತೇನೆ. ಅದು ಸುಳ್ಳಲ್ಲ, ಆದರೆ ಅವಳು ಕಾಣುತ್ತಿದ್ದದ್ದು ಇನ್ನೂ ದೂರದ್ದು.

ಡಾರ್ಕ್ ವೆಬ್ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅವಳ ಬಾಯಿಂದಲೇ. ಇಂಟರ್‌ನೆಟ್ಟಿನಲ್ಲಿ ಸುಮ್ಮನೆ ಹುಡುಕಿದರೆ ಸಿಗದ, ಬೇರೆಯೇ ಸಾಫ್ಟ್‌ವೇರ್ ಹಾಕಿ ಒಳಹೋಗಬೇಕಾದ ಭಾಗವಂತೆ ಅದು. ಕದ್ದ ಪಾಸ್‌ವರ್ಡುಗಳನ್ನು ಅಲ್ಲಿ ಮಾರುತ್ತಾರೆ. ಸಂಘದವರದ್ದೇನಾದರೂ ಅಲ್ಲಿಗೆ ಬಂದಿದೆಯೇ ಎಂದು ನೋಡುವುದು, ಬಂದಿದ್ದರೆ ಕಳ್ಳ ಬರುವ ಮೊದಲೇ ಇಲ್ಲಿ ಬಾಗಿಲು ಹಾಕುವುದು ಅವಳ ಕೆಲಸ. ಅದಕ್ಕೆಂದೇ ಬೇರೆ ಕಂಪ್ಯೂಟರ್ ಇತ್ತು. ಅಲ್ಲಿ ಅವಳು ಏನನ್ನೂ ಕೊಳ್ಳುತ್ತಿರಲಿಲ್ಲ, ಯಾರೊಡನೆಯೂ ಮಾತಾಡುತ್ತಿರಲಿಲ್ಲ.

ದೋಣಿಗಳೆಲ್ಲ ದಡದಲ್ಲಿದ್ದ ಒಂದು ಮಳೆಗಾಲದ ಮಧ್ಯಾಹ್ನ ಅವಳಿಗೆ ಬುತ್ತಿ ಕೊಡಲು ಹೋಗಿದ್ದೆ. ಅವಳು ಪರದೆಯತ್ತ ಬೆರಳು ತೋರಿಸಿದಳು. ಮಾರುವವರು ಮಾದರಿಗೆಂದು ಬಿಟ್ಟಿಯಾಗಿ ತೋರಿಸಿದ್ದ ಕೆಲವು ಸಾಲುಗಳು. ಒಂದರಲ್ಲಿ ನನ್ನ ಅಪ್ಪನ ಇಮೇಲ್ ವಿಳಾಸ, ಅದರ ಪಕ್ಕದಲ್ಲಿ ಪಾಸ್‌ವರ್ಡ್ ಇರುವ ಜಾಗದಲ್ಲಿ ನಮ್ಮ ದೋಣಿಯ ಹೆಸರು.

ಆ ದೋಣಿ ಮರವಂತೆಯ ಆಚೆ ಮುಳುಗಿದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಚಿಕ್ಕಪ್ಪ ಅದರಲ್ಲಿದ್ದರು. ಎಷ್ಟು ಹುಡುಕಿದರೂ ಒಂದು ಹಲಗೆಯೂ ಸಿಗಲಿಲ್ಲ.

ಅವಳು ಕೆಲಸಕ್ಕಿದ್ದ ಆ ದಿನಗಳಲ್ಲಿ ಅಪ್ಪ ಸಂಘದ ಅಧ್ಯಕ್ಷರು. ಅವರ ಪಾಸ್‌ವರ್ಡ್ ಸಿಕ್ಕಿದವನಿಗೆ ಎಲ್ಲ ಮೀನುಗಾರರ ಉಳಿತಾಯದ ಖಾತೆಗಳೂ ಸಿಕ್ಕಂತೆ. ಹಾಗಾಗಿ ಅವಳು ಮೊದಲು ಅದನ್ನು ತಡೆದು, ಆಮೇಲೆ ಅವರಿಗೆ ಹೇಳಿಕಳುಹಿಸಿದ್ದಳು. ಅಪ್ಪ ಒದ್ದೆ ಕೊಡೆ ಹಿಡಿದೇ ಒಳಬಂದರು. ನಮ್ಮ ಕಡೆ ಹುಡುಗಿಯರನ್ನು ಕರೆಯುವಂತೆ ಸೊಸೆಯನ್ನು ಅವರು ‘ಹೆಣೆ’ ಎಂದೇ ಕರೆಯುತ್ತಿದ್ದರು.

‘ಎಂತಾ ಹೆಣೆ, ಅಧ್ಯಕ್ಷನ್ನೇ ಹೊರ್ಗ್ ಹಾಕಿದ್ಯಂಬ್ರ್?’

‘ಹೌದ್ ಮಾವ. ನಿಮ್ ಪಾಸ್‌ವರ್ಡ್ ಕಳ್ರ ಪ್ಯಾಟೆಗ್ ಇತ್ತ್.’

‘ನಾ ಯಾರಿಗೂ ಹೇಳ್ಲಿಲ್ಲ ಕಾಣ್.’

‘ಹಳೆ ಎಂಜಿನ್ ಮಾರು ವೆಬ್‌ಸೈಟಿಗೂ ಅದನ್ನೇ ಕೊಟ್ಟಿರಲ್ದಾ? ಅಲ್ಲಿಂದ ಕದ್ದದ್. ಊರ್ ಬಾಗ್ಲಿಗೆಲ್ಲ ಒಂದೇ ಬೀಗದ ಕೈಯಾ ನಿಮ್ದ್?’

ಅಪ್ಪ ನಗಲಿಲ್ಲ. ‘ನಂಗೆ ಅದೇ ಬೇಕ್. ವಾಪಸ್ ಕೊಡ್.’

‘ಕೊಡುದಿಲ್ಲೆ. ಬೇಕಾರೆ ನನ್ನ ಕೆಲ್ಸದಿಂದ ತೆಗ್ದ್ ಹಾಕಿ.’

ಅವರು ಕುರ್ಚಿಯಲ್ಲಿ ಕುಳಿತರು. ಆಮೇಲೆ ಬಹಳ ಮೆಲ್ಲಗೆ, ‘ಆ ಹೆಸ್ರ್ ನಂಗೆ ಬಾಯಲ್ ಬತ್ತಿಲ್ಲೆ ಹೆಣೆ. ದಿನಾ ಬೆಳಿಗ್ಗೆ ಬೆರಳಲ್ಲಾದ್ರೂ ಬರಿತೆ. ಅದೂ ಬ್ಯಾಡ ಅಂದ್ರೆ?’ ಎಂದರು.

ಅವಳು ಅವರ ಕೈಯಲ್ಲಿದ್ದ ಒದ್ದೆ ಕೊಡೆಯನ್ನು ತೆಗೆದು ಮೂಲೆಗಿಟ್ಟಳು. ಅಷ್ಟರಲ್ಲಿ ಸಂಘದ ಕಂಪ್ಯೂಟರಿನಲ್ಲಿ ಒಂದು ಕೆಂಪು ಸಾಲು ಮೂಡಿತು. ಅಪ್ಪನ ಖಾತೆಯೊಳಗೆ ಬರಲು ಯಾರೋ ನೋಡುತ್ತಿದ್ದರು. ಬಾಗಿಲು ತೆರೆಯಲಿಲ್ಲ. ಮತ್ತೊಂದು ಸಾಲು ಬಂತು.

‘ಹಂಗಾರೆ ಈಗ ಅವ ನಮ್ಮ ದೋಣಿ ಹೆಸ್ರ್ ಬರಿತಿದ್ನಾ?’

‘ಬರಿತಿರ್ಕ್, ಮಾವ.’

‘ಯಾವೂರಂವ?’

‘ಅದ್ ಗೊತ್ತಾತಿಲ್ಲೆ.’

ಕಡಲು ನುಂಗಿದ ದೋಣಿಯ ಹೆಸರನ್ನು ನಮ್ಮ ಭಾಷೆ ಬಾರದ, ನಮ್ಮ ಕಡಲು ಕಾಣದ ಯಾವನೋ ಆ ಕ್ಷಣದಲ್ಲಿ ಒಂದೊಂದೇ ಅಕ್ಷರವಾಗಿ ಒತ್ತುತ್ತಿದ್ದ. ಮರವಂತೆಯ ನೀರಿಗಿಂತ ಆಳವಾದ ಎಲ್ಲಿಂದಲೋ ಆ ಹೆಸರನ್ನು ಹುಡುಕಿ ತಂದವಳು, ಕೈಮಗ್ಗದ ಸೀರೆಯುಟ್ಟು, ಊಟವನ್ನೂ ಮಾಡದೆ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳನ್ನು ಅಷ್ಟು ಹೊತ್ತು ನಾನೆಂದೂ ನೋಡಿರಲಿಲ್ಲ.

ಅಪ್ಪ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡು ಹೊಸದೇನನ್ನೋ ಬರೆದರು. ಅವಳು ಮುಖ ತಿರುಗಿಸಿಕೊಂಡಳು. ಪಾಸ್‌ವರ್ಡ್ ಬರೆಯುವಾಗ ಯಾರೂ ನೋಡಬಾರದೆಂದು ನಮಗೆಲ್ಲ ಕಲಿಸಿದ್ದವಳೂ ಅವಳೇ.

ಬರೆದಾದ ಮೇಲೂ ಅಪ್ಪ ಏಳಲಿಲ್ಲ. ಚಿಕ್ಕಪ್ಪ ಆ ದೋಣಿಗೆ ಬಣ್ಣ ಹೊಡೆದದ್ದನ್ನು, ಹೆಸರು ಬರೆಯಲು ಬಂದವನೊಡನೆ ಅಕ್ಷರ ಸೊಟ್ಟಗಾಯಿತೆಂದು ಜಗಳವಾಡಿದ್ದನ್ನು ಸೊಸೆಗೆ ಹೇಳತೊಡಗಿದರು. ಒಂದೇ ಮನೆಯಲ್ಲಿ ಬೆಳೆದ ನಾನು ಅದನ್ನೆಲ್ಲ ಕೇಳಿದ್ದು ಅಂದೇ.